ಅತ್ತೆಯ ಕೈಗೆ ಬಂದ ವೀಳ್ಯ

ಕೋಟ ಪಡುಕರೆ
೧೧ ಮೇ ೨೦೨೫, ಭಾನುವಾರ

ಪ್ರೀತಿಯ ವಿನಯಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ಅಮಿತಾಳ ನಮಸ್ಕಾರಗಳು. ಹಲಸಿನ ಹಪ್ಪಳದ ಡಬ್ಬಿಯಲ್ಲಿ ಕಾಗದ ಕಂಡು ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಮ್ಮ ಮನೆಯಲ್ಲಿ ಫೋನು ಅಂದರೆ ಸ್ಪೀಕರ್, ಸ್ಪೀಕರ್ ಅಂದರೆ ಪಕ್ಕದಲ್ಲಿ ಅತ್ತೆ. ವಾಟ್ಸಾಪಿನಲ್ಲಿ ಬರೆದರೆ ಅನಿಷಾಳನ್ನು ಕೂರಿಸಿಕೊಂಡು ಓದಿಸಿಕೊಳ್ಳುತ್ತಾರೆ, ಮೊಮ್ಮಗಳು ಅಜ್ಜಿಗೆ ಇಲ್ಲ ಅನ್ನುವುದೂ ಇಲ್ಲ. ಹಾಗಾಗಿ ಇವತ್ತು ಬಸ್ಸಿನಲ್ಲಿ ಮುಂಬೈಗೆ ಹೊರಟ ನೆರೆಮನೆಯ ಅಜಿತನ ಕೈಯಲ್ಲಿ ಡಬ್ಬಿ ಕೊಟ್ಟು, ಹಪ್ಪಳದ ಅಡಿಗೆ ಇದನ್ನು ಇಟ್ಟಿದ್ದೇನೆ. ಒಬ್ಬರೇ ಇದ್ದಾಗ ಓದಿ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅತ್ತೆ ಡೊಂಬಿವಲಿಗೆ ಬರುವುದಿಲ್ಲ. ಮೊಣಕಾಲು ನೋವು, ರೈಲಿನಲ್ಲಿ ಅಷ್ಟು ಹೊತ್ತು ಕೂರಲಿಕ್ಕೆ ಆಗುವುದಿಲ್ಲ ಎಂದು ಅವರು ನಿಮಗೆ ಫೋನಿನಲ್ಲಿ ಹೇಳಿದರಲ್ಲ, ಆ ಮೊಣಕಾಲಿನಲ್ಲೇ ಮೊನ್ನೆ ಕೊಕ್ಕರ್ಣೆಯ ಮನೆಯ ಅಟ್ಟ ಹತ್ತಿ ಇಳಿದಿದ್ದಾರೆ. ಯಾಕೆ ಹತ್ತಿದರು, ಕೊಕ್ಕರ್ಣೆಗೆ ಯಾಕೆ ಹೋದರು ಎಂಬುದಕ್ಕೇ ಈ ಕಾಗದ. ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಮತ್ತೆ ಹೇಳುತ್ತೇನೆ, ಮೊದಲಿನಿಂದ ಹೇಳದಿದ್ದರೆ ನನಗೆ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ ಮನೆಯ ಯಜಮಾನರು ರತ್ನಾಕರಣ್ಣ ಮುಂಬೈಯಿಂದ ಫೋನು ಮಾಡಿದರು. ಮನೆ ಮಾರುತ್ತೇನೆ, ಮಳೆಗಾಲದ ಒಳಗೆ ಬಿಟ್ಟುಕೊಡಬೇಕು ಎಂದರು. ಜೋರು ಮಾಡಲಿಲ್ಲ, ಪಾಪ, ಅವರೇ ತಡವರಿಸುತ್ತಿದ್ದರು. ಹೊಸ ಹೋಟೆಲು ಹಾಕಿದ್ದಾರಂತೆ, ಊರಿನ ಮನೆ ಇನ್ನು ಇಟ್ಟುಕೊಳ್ಳಲಿಕ್ಕೆ ಸಾಧ್ಯವಿಲ್ಲವಂತೆ. ನಿಮ್ಮ ತಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬ್ರಹ್ಮಾವರದ ಅಂಗಡಿಯಲ್ಲಿ ಯಾರಿಗೋ ಫ್ಯಾನು ಕೊಡುವ ಬದಲು ಮಿಕ್ಸಿ ಪ್ಯಾಕ್ ಮಾಡಿ ಕೊಟ್ಟು ಬೈಸಿಕೊಂಡು ಬಂದರು. ನನಗೆ ಸಿಟ್ಟು ಬಂದದ್ದು. ನಾನು ಮದುವೆಯಾಗಿ ಬಲಗಾಲಿಟ್ಟು ಒಳಗೆ ಬಂದದ್ದು ಈ ಮನೆಗೆ, ಅನಿಷಾ ಅಂಬೆಗಾಲಿಟ್ಟದ್ದು ಈ ಜಗಲಿಯಲ್ಲಿ. ಬಾಡಿಗೆಯ ಮನೆ ಅನ್ನುವುದು ನನಗೆ ಮರೆತೇಹೋಗಿತ್ತು. ಅತ್ತೆ ಮಾತ್ರ ಫೋನಿನಲ್ಲಿ ರತ್ನಾಕರಣ್ಣನ ಹೆಂಡತಿ ಮಕ್ಕಳ ಸುಖ ವಿಚಾರಿಸಿ, ಒಳ್ಳೆಯ ಬೆಲೆ ಬರಲಿ ಎಂದು ಹರಸಿದರು. ಇಟ್ಟ ಮೇಲೆ ನಾನು ರೇಗಿದೆ, ಹರಸುವುದೆಂಥ ಅತ್ತೆ ಎಂದು. ಮನೆ ಅವರದು, ಮಾರುತ್ತಾರೆ, ಅದಕ್ಕೆ ನಾವು ಶಾಪ ಹಾಕುವುದಾ ಎಂದು ನನ್ನನ್ನೇ ಕೇಳಿದರು.

ಆಮೇಲೆ ಶುರುವಾಯಿತು ನೋಡಿ, ಮನೆ ನೋಡಲು ಬರುವವರ ಮೆರವಣಿಗೆ. ದಲ್ಲಾಳಿ ಶೀನ ವಾರಕ್ಕೆ ಒಂದು ಪಾರ್ಟಿಯನ್ನಾದರೂ ಕರೆದುಕೊಂಡು ಬರುತ್ತಿದ್ದ. ನಾನೂ ನಿಮ್ಮ ತಮ್ಮನೂ ಸೇರಿ ಒಂದು ಉಪಾಯ ಮಾಡಿದ್ದೆವು. ಮನೆಯ ಕುಂದನ್ನೆಲ್ಲ ಬಂದವರ ಕಣ್ಣಿಗೆ ಬೀಳುವ ಹಾಗೆ ಮಾಡುವುದು, ಹೀಗೆ ಒಂದು ವರ್ಷ ತಳ್ಳುವುದು. ನಮ್ಮ ಬಾವಿಯ ನೀರು ಮಾರ್ಚ್ ಮುಗಿಯುವ ಹೊತ್ತಿಗೆ ಉಪ್ಪಾಗುವುದು ನಿಮಗೆ ಗೊತ್ತಲ್ಲ, ಸಮುದ್ರ ಅಷ್ಟು ಹತ್ತಿರ. ಉಡುಪಿಯಿಂದ ಕಾರಿನಲ್ಲಿ ಒಬ್ಬ ಗಂಡ ಹೆಂಡತಿ ಬಂದ ದಿನ ನಾನು ಬೇಕಂತಲೇ ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಎರಡು ಲೋಟಕ್ಕೆ ಹಾಕಿ ತಂದುಕೊಟ್ಟೆ. ಆ ಮನುಷ್ಯ ಒಂದು ಗುಟುಕು ಕುಡಿದು, ನುಂಗಲೂ ಆಗದೆ ಉಗುಳಲೂ ಆಗದೆ ಕೆನ್ನೆ ಉಬ್ಬಿಸಿ ನಿಂತ.

ಅತ್ತೆ ಬಂದವರೇ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಒಳಗೆ ಹೋಗಿ ನಳ್ಳಿಯ ನೀರೂ ಒಂದು ಅಚ್ಚು ಬೆಲ್ಲವೂ ತಂದರು. "ಬನಿ, ಕೂಕಣಿ, ಬೆಲ್ಲ ತಿಂದ್ ನೀರ್ ಕುಡಿನಿ. ಬಾವಿ ನೀರ್ ಈ ಎರಡ್ ತಿಂಗ್ಳ್ ಮಾತ್ರ ಹೀಂಗ್. ಮಳಿ ಬಿದ್ದ್ ಕೂಡ್ಲೆ ಎಳನೀರ್ ಕಣಂಗ್ ಆತ್ತ್" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಾಳಿ ಯಾವ ಕಿಟಕಿಯಿಂದ ಬರುತ್ತದೆ, ಮಾಡು ಎಲ್ಲಿ ಸೋರುತ್ತದೆ, ಎಲ್ಲಿ ಸೋರುವುದಿಲ್ಲ, ಯಾವ ತೆಂಗಿನ ಮರದ ಕಾಯಿ ಸಿಹಿ, ಎಲ್ಲವನ್ನೂ ಒಂದೊಂದಾಗಿ ತೋರಿಸಿದರು. ಒಳ್ಳೆಯದನ್ನೂ ಹೇಳಿದರು, ಕೆಟ್ಟದ್ದನ್ನೂ ಹೇಳಿದರು. ಬಂದವರು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿ ಕೇಳಿದ ಮಾತನ್ನು ಅವರದೇ ನುಡಿಯಲ್ಲಿ ಬರೆಯುತ್ತೇನೆ. "ಮನಿ ಎಂತ ತಪ್ಪ್ ಮಾಡಿತ್ ಹೆಣೆ? ಇಷ್ಟ್ ವರ್ಷ ನಮ್ಮನ್ನ್ ಒಳ್ಗ್ ಇಟ್ಕಂಡಿತ್. ನಾವ್ ಹೋಪತಿಗೆ ಅದ್ರ ಹೆಸ್ರ್ ಹಾಳ್ ಮಾಡಿ ಹೋಯ್ಕಾ?"

ನನಗೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ಅವತ್ತಿನಿಂದ ಯಾರು ಬರುತ್ತಾರೆ ಎಂದು ಗೊತ್ತಾದರೂ ಸಾಕು, ಅತ್ತೆ ಬೆಳಿಗ್ಗೆಯೇ ಎದ್ದು ಅಂಗಳ ಗುಡಿಸಿ, ಜಗಲಿ ಒರೆಸಿ, ತುಳಸಿಕಟ್ಟೆಗೆ ನೀರೆರೆದು, ಮದುವೆಗೆ ಬಂದ ಮಗಳನ್ನು ನೋಡಲು ಬರುತ್ತಾರೇನೋ ಅನ್ನುವ ಹಾಗೆ ಮನೆಯನ್ನು ಸಿದ್ಧ ಮಾಡುತ್ತಿದ್ದರು. ನಾನು ಮುಖ ಗಂಟು ಹಾಕಿಕೊಂಡು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಈಗ ಬರೆಯುವಾಗ ನಗು ಬರುತ್ತದೆ. ಆವಾಗ ಮಾತ್ರ, ಈ ಹೆಂಗಸು ನಮ್ಮನ್ನು ಬೀದಿಗೆ ಹಾಕಿಯೇ ಬಿಡುತ್ತಾರೆ ಅನ್ನಿಸಿತ್ತು.

ಬೇರೆ ಮನೆ ಹುಡುಕಿದ ಕತೆ ನಿಮ್ಮ ತಮ್ಮ ಹೇಳಿರಬಹುದು. ಸಾಲಿಗ್ರಾಮದಲ್ಲಿ ಒಂದು ಕಡೆ ಮೀನು ಬೇಯಿಸಬಾರದು ಎಂದರು. ಕೋಟದಲ್ಲಿ ಹೆದ್ದಾರಿ ಪಕ್ಕದ ಫ್ಲ್ಯಾಟ್ ಒಂದು ಸಿಕ್ಕಿತು, ಒಂದೇ ಕೋಣೆ. ಮೂವರು ಮಲಗಿದರೆ ನಾಲ್ಕನೆಯವರು ಕೂತೇ ಇರಬೇಕು. ಆಗ ನೀವು ಫೋನು ಮಾಡಿದಿರಿ. ಅಮ್ಮನನ್ನು ನನ್ನ ಹತ್ತಿರ ಕಳಿಸಿ, ನೀವು ಮೂವರು ಆ ಫ್ಲ್ಯಾಟಿನಲ್ಲಿ ಆರಾಮಾಗಿ ಇರಿ ಎಂದಿರಿ. ನೀವು ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ತಮ್ಮ ಹೂಂ ಎಂದರು. ಅತ್ತೆಯೂ ಹೂಂ ಎಂದರು. ಮರುದಿನ ನಾನು ನೋಡುತ್ತೇನೆ, ಅವರ ಮಂಚದ ಮೇಲೆ ಬ್ಯಾಗು. ನಾಲ್ಕು ಸೀರೆ, ಎಲೆಯಡಿಕೆಯ ತಟ್ಟೆ, ಮಾವನ ಫೋಟೋ. ಅಷ್ಟೇ. ಇಷ್ಟು ವರ್ಷ ಒಂದು ಮನೆ ನಡೆಸಿದವರ ಸಾಮಾನು ಅಷ್ಟೇ.

ತಡೆಯುವುದಕ್ಕೆ ನನಗೆ ಅಧಿಕಾರ ಏನಿತ್ತು? ಮಗಳು ಕರೆದಿದ್ದಾಳೆ, ಮಗ ಒಪ್ಪಿದ್ದಾನೆ, ಸೊಸೆ ಬೇಡ ಅನ್ನುವುದು ಹೇಗೆ? ಹಿತ್ತಿಲಿಗೆ ಹೋಗಿ ಆಗಷ್ಟೇ ಒಗೆದು ಹರವಿದ ಬಟ್ಟೆಯನ್ನೆಲ್ಲ ತೆಗೆದು ಇನ್ನೊಮ್ಮೆ ಒಗೆದೆ. ಅಳು ಬರುತ್ತಿತ್ತು, ಕಲ್ಲಿಗೆ ಬಡಿಯುವ ಶಬ್ದದಲ್ಲಿ ಯಾರಿಗೂ ಕೇಳುವುದಿಲ್ಲವೆಂದು ಅತ್ತುಬಿಟ್ಟೆ.

ಮರುವಾರವೇ ಶೀನ ಕೊಕ್ಕರ್ಣೆಯ ಬಚ್ಚ ಪೂಜಾರಿಯವರನ್ನು ಕರೆದುಕೊಂಡು ಬಂದ. ವಯಸ್ಸಾದವರು, ಬಿಳಿ ಮುಂಡು, ಹೆಗಲಲ್ಲಿ ಬೈರಾಸು. ಜೊತೆಯಲ್ಲಿ ಅವರ ತಂಗಿ ಸರೋಜಕ್ಕ. ಮನೆ ಬೇಕಾದದ್ದು ಸರೋಜಕ್ಕನಿಗೆ. ಅವರ ಮಗಳು ಅಳಿಯ ಕೋಟದಲ್ಲಿ ಅಂಗಡಿ ಹಾಕಿದ್ದಾರೆ, ಮಗಳು ಈಗ ಬಸುರಿ, ಹತ್ತಿರದಲ್ಲಿ ಇರಬೇಕೆಂದು ಆಸೆ. ತಂಗಿಗೆ ಮನೆ ನೋಡಲು ಅಣ್ಣ ಬಂದದ್ದು.

ಅತ್ತೆ ಎಂದಿನಂತೆ ಬೆಲ್ಲ ನೀರು ಕೊಟ್ಟರು, ಎಂದಿನಂತೆ ಎಲ್ಲ ತೋರಿಸಿದರು. ಬಾವಿಯ ಉಪ್ಪಿನ ಸುದ್ದಿಯನ್ನು ಅವರೇ ಮೊದಲು ಹೇಳಿದರು. ಸರೋಜಕ್ಕನಿಗೆ ಮನೆ ಹಿಡಿಸಿತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೂ ಅಡುಗೆಮನೆಯಲ್ಲಿ ನಿಂತು ಅತ್ತೆಯ ಹತ್ತಿರ ಮನಸ್ಸಿನ ಭಾರ ಹೇಳಿಕೊಂಡರು. ಕೊಕ್ಕರ್ಣೆಯ ಮನೆ ಅವರ ತಾಯಿಯದು, ಈಗ ಅವರದು. ಬಿಟ್ಟು ಬಂದರೆ ಅದು ಬಾಗಿಲು ಹಾಕಿಕೊಂಡು ಕೂರಬೇಕು. "ಅಲ್ಲ್ ದೀಪ ಹಚ್ಚುರ್ ಯಾರ್ ಅಂದೇಳಿ ನಂಗ್ ನಿದ್ರಿಯೇ ಇಲ್ಲೆ ಉಮಾವತಕ್ಕ" ಎಂದರು. ಅತ್ತೆ ಅವರ ಕೈ ಹಿಡಿದುಕೊಂಡರು.

ಇನ್ನು ಬಚ್ಚ ಪೂಜಾರಿಯವರ ವಿಷಯ. ಯಜಮಾನರು ಮುಂಬೈಯಲ್ಲಿ ಇದ್ದಾರೆ, ಮನೆಯಲ್ಲಿ ಜನ ಇದ್ದಾರೆ, ತೋರಿಸುತ್ತಾರೆ ಎಂದು ಶೀನ ದಾರಿಯಲ್ಲಿ ಹೇಳಿದ್ದನಂತೆ. ಅಷ್ಟೇ ಹೇಳಿದ್ದು. ಮನೆ ಹೆಣ್ಣಿನ ಕಡೆಗೇ ಸೇರುವ ಅಳಿಯಕಟ್ಟಿನಲ್ಲಿ ಬೆಳೆದ ಹಿರಿಯರಿಗೆ ಅಷ್ಟು ಸಾಕಲ್ಲ? ಗಂಡು ಮುಂಬೈಯಲ್ಲಿ ಹೋಟೆಲು ಮಾಡುತ್ತಾನೆ, ಮನೆ ಊರಿನಲ್ಲಿ ತಾಯಿಯ ಹೆಸರಿನಲ್ಲಿ ಇರುತ್ತದೆ. ಇಷ್ಟು ವಿವರವಾಗಿ ಮನೆ ತೋರಿಸುವ ಹಿರಿಯ ಹೆಂಗಸು ಒಡತಿಯಲ್ಲದೆ ಇನ್ನು ಯಾರು? ಜಗಲಿಗೆ ಬಂದವರೇ ಬೈರಾಸನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡರು. ಚೀಲದಿಂದ ವೀಳ್ಯದೆಲೆ ತೆಗೆದು, ಮೇಲೆ ಅಡಿಕೆಯಿಟ್ಟು, ಅದರ ಮೇಲೆ ಒಂದು ನಾಣ್ಯವಿಟ್ಟು, ಎರಡೂ ಕೈಯಲ್ಲಿ ಅತ್ತೆಯ ಮುಂದೆ ಹಿಡಿದರು. ಮಾತು ಗಟ್ಟಿಯಾಯಿತು ಅನ್ನುವುದಕ್ಕೆ ಅವರ ಕಾಲದವರಿಗೆ ವೀಳ್ಯ ಕೊಟ್ಟರೆ ಆಯಿತು, ಕಾಗದ ಪತ್ರ ಎಲ್ಲ ಆಮೇಲಿನದು. ಅತ್ತೆ ಕೈ ಒಡ್ಡಿ ತೆಗೆದುಕೊಂಡರು.

ಅಂಗಳದ ತುದಿಯಲ್ಲಿ ಫೋನಿನಲ್ಲಿದ್ದ ಶೀನ ತಿರುಗಿ ನೋಡಿದವನು ಕೂಗಿಕೊಂಡು ಓಡಿ ಬಂದ. "ಹ್ವಾಯ್ ಬಚ್ಚಣ್ಣ, ಎಂತ ಮಾಡ್ದ್ರಿ? ಅವ್ರ್ ಬಾಡ್ಗಿಗ್ ಇಪ್ಪರ್ ಮಾರಾಯ್ರೆ!"

ವಿನಯಕ್ಕ, ಆ ಮುದುಕರ ಮುಖ ನೀವು ನೋಡಬೇಕಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಚಿಕೊಂಡರು. ಶೀನ ಹಲ್ಲು ಕಿರಿಯುತ್ತಾ, ಅಡ್ಡಿಯಿಲ್ಲ, ವಾಪಸು ತೆಗೆದುಕೊಳ್ಳಿ, ನಾನು ಮುಂಬೈಗೆ ಫೋನು ಹಚ್ಚುತ್ತೇನೆ ಎಂದ. ಬಚ್ಚ ಪೂಜಾರಿಯವರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಕೊಟ್ಟ್ ವೀಳ್ಯ ವಾಪಸ್ ತಕಂಬುದ್ ನಮ್ಮಲ್ಲ್ ಇಲ್ಲೆ" ಎಂದರು. ಹಾಗಾದರೆ ಈಗ ಏನು ಎಂದು ಯಾರಿಗೂ ಗೊತ್ತಾಗಲಿಲ್ಲ. ಸರೋಜಕ್ಕ ಅಣ್ಣನ ಮುಖ ನೋಡಿದರು, ಅಣ್ಣ ನೆಲ ನೋಡಿದರು. ನಿಮ್ಮ ತಮ್ಮ ಅವತ್ತು ರಜೆಯಲ್ಲಿ ಮನೆಯಲ್ಲೇ ಇದ್ದರು, ಅವರು ನನ್ನನ್ನು ನೋಡಿದರು. ಇನ್ನು ಊರಿಡೀ ನಗುತ್ತದೆ, ಬಾಡಿಗೆಯವರು ಮನೆ ಮಾರಲು ಹೊರಟರು ಅನ್ನುತ್ತಾರೆ ಎಂಬುದೇ ನನ್ನ ಹೆದರಿಕೆ.

ಅತ್ತೆ ನಗಲೂ ಇಲ್ಲ, ಗಾಬರಿಯಾಗಲೂ ಇಲ್ಲ. ವೀಳ್ಯವನ್ನು ಬಲಗೈಯಲ್ಲಿ ಹಾಗೆಯೇ ಹಿಡಿದುಕೊಂಡು ಸರೋಜಕ್ಕನ ಕಡೆ ತಿರುಗಿದರು. "ನಾನೂ ವಾಪಸ್ ಕೊಡುದಿಲ್ಲೆ. ಸರೋಜಕ್ಕ, ಈ ಮನಿ ಕೊಡುಕ್ ನಂದಲ್ಲ. ಆರೆ ಕೊಕ್ಕರ್ಣಿ ಮನಿ ಕೊಡುಕ್ ನಿಮ್ದೇ ಅಲ್ದಾ? ಈ ವೀಳ್ಯ ಅದ್ಕೇ ಆಯ್ಲಿ. ನೀವ್ ಇಲ್ಲಿಗ್ ಬನಿ, ನಾವ್ ಅಲ್ಲಿಗ್ ಹೋತೊ. ದೀಪ ನಾ ಹಚ್ಚ್ತೆ" ಎಂದರು.

ಸರೋಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ನಗುತ್ತಾ ನಗುತ್ತಾ ಅತ್ತರು. ಬಚ್ಚ ಪೂಜಾರಿಯವರು ತಲೆಯೆತ್ತಿ, ತಂಗಿಯ ಮುಖ ನೋಡಿ, "ಹಾಂಗಾರೆ ವೀಳ್ಯ ಸರಿ ಕೈಗೇ ಹೋಯ್ತ್" ಎಂದರು. ಬಾಡಿಗೆಯ ಮಾತನ್ನು ಅತ್ತೆ ಗಂಡಸರಿಗೆ ಬಿಟ್ಟು, ಎಲ್ಲರಿಗೂ ಚಾ ಇಡಲು ನನಗೆ ಹೇಳಿದರು. ನಾನು ಅವಸರದಲ್ಲಿ ಸಕ್ಕರೆಯನ್ನು ಒಲೆಯ ಮೇಲೆಲ್ಲ ಚೆಲ್ಲಿದೆ.

ಶೀನ ಮುಂಬೈಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿದಾಗ ರತ್ನಾಕರಣ್ಣ ಬೈಯುತ್ತಾರೆಂದುಕೊಂಡಿದ್ದೆವು. ಅವರು ಅತ್ತೆಯ ಕೈಗೇ ಫೋನು ಕೊಡಿಸಿ, "ನಮ್ಮ್ ಅಬ್ಬಿ ಇದ್ದಿರೆ ಅವ್ರ್ ಕೈಗೇ ಕೊಡ್ತಿದ್ರ್. ಅವ್ರಿಲ್ಲೆ, ನಿಮ್ ಕೈಗ್ ಕೊಟ್ರ್. ಇದ್ರಗ್ ತಪ್ಪೆಂತ ಇತ್ತ್?" ಎಂದು, ಮನೆಯನ್ನು ಸರೋಜಕ್ಕನಿಗೇ ಕೊಡಲು ಒಪ್ಪಿದರಂತೆ. ರತ್ನಾಕರಣ್ಣನ ತಾಯಿಯೂ ಅತ್ತೆಯೂ ಒಂದೇ ಬಾವಿಕಟ್ಟೆಯಲ್ಲಿ ಕೂತು ಮೀನು ಹೆಚ್ಚಿದವರಲ್ಲವೇ?

ಮೊನ್ನೆ ನಾವೆಲ್ಲ ಕೊಕ್ಕರ್ಣೆಗೆ ಹೋಗಿ ಬಂದೆವು. ಮನೆ ಹಳೆಯದು, ಗಟ್ಟಿ ಇದೆ. ಎರಡು ಕೋಣೆ, ದೊಡ್ಡ ಜಗಲಿ, ಸುತ್ತ ಗದ್ದೆ. ಬ್ರಹ್ಮಾವರಕ್ಕೆ ಬಸ್ಸಿದೆ, ನಿಮ್ಮ ತಮ್ಮನಿಗೂ, ಕಾಲೇಜಿಗೆ ಹೋಗುವ ಅನಿಷಾಳಿಗೂ ತೊಂದರೆಯಿಲ್ಲ. ನಾಲ್ಕೂ ಜನ ಕಾಲು ಚಾಚಿ ಮಲಗಬಹುದು. ಅತ್ತೆ ಅಟ್ಟ ಹತ್ತಿ ಹೆಂಚು ನೋಡಿದರು, ಬಾವಿಯ ನೀರು ಕುಡಿದು ನೋಡಿ ತಲೆಯಾಡಿಸಿದರು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಸರೋಜಕ್ಕನನ್ನು ಕೇಳಿದರು, "ಇಲ್ಲ್ ಮೀನ್ ಎಷ್ಟೊತ್ತಿಗ್ ಬತ್ತ್?" ಎಂದು. ಗಾಡಿಯಲ್ಲಿ ಹತ್ತು ಗಂಟೆಯ ಮೇಲೆ ಬರುತ್ತದೆ, ಐಸು ಹಾಕಿದ್ದು ಎಂದರು ಸರೋಜಕ್ಕ. ಪಡುಕರೆಯಲ್ಲಿ ದೋಣಿ ದಡಕ್ಕೆ ಬರುವ ಹೊತ್ತಿಗೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದವರ ಮುಖ ಅರೆಗಳಿಗೆ ಬಾಡಿತು. ಆಮೇಲೆ, ಐಸಿನ ಮೀನಿಗೆ ಹುಳಿ ಸ್ವಲ್ಪ ಜಾಸ್ತಿ ಹಾಕಿದರಾಯಿತು ಎಂದು ತಾವೇ ಹೇಳಿಕೊಂಡರು. ಅವರು ಬಿಟ್ಟುಕೊಡುತ್ತಿರುವುದು ಸಣ್ಣದಲ್ಲ, ವಿನಯಕ್ಕ. ಸಮುದ್ರದ ಸದ್ದಿಲ್ಲದೆ ಅವರಿಗೆ ನಿದ್ದೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗ ಸರೋಜಕ್ಕ ಆಗಾಗ ಬಸ್ಸಿನಲ್ಲಿ ಇಲ್ಲಿಗೆ ಬರುತ್ತಾರೆ. ಮಳೆಗಾಲದಲ್ಲಿ ಯಾವ ಕಿಟಕಿಗೆ ತಟ್ಟಿ ಕಟ್ಟಬೇಕು, ಇರುವೆ ಎಲ್ಲಿಂದ ಏಳುತ್ತದೆ, ನೆರೆಯವರಲ್ಲಿ ಯಾರ ಹತ್ತಿರ ಸಕ್ಕರೆ ಕೇಳಬಹುದು, ಯಾರ ಹತ್ತಿರ ಕೇಳಬಾರದು, ಎಲ್ಲವನ್ನೂ ಅತ್ತೆ ಕಲಿಸುತ್ತಿದ್ದಾರೆ. ಮನೆ ಬಿಟ್ಟುಹೋಗುವವರು ಹೀಗೆ ಇರುತ್ತಾರೆಂದು ನಾನು ಎಲ್ಲೂ ಕಂಡಿಲ್ಲ. ನಾನಾಗಿದ್ದರೆ ಹೋಗುವಾಗ ಬಲ್ಬು ಕೂಡ ಬಿಚ್ಚಿಕೊಂಡು ಹೋಗುತ್ತಿದ್ದೆ. ನಿಮ್ಮ ಅಮ್ಮನ ಸೊಸೆಯಾದದ್ದು ನನ್ನ ಅದೃಷ್ಟ ಎಂದು ಅವರ ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಹೇಳಿದರೆ ಅವರೂ ನಂಬುವುದಿಲ್ಲ. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ಈ ತಿಂಗಳ ಕೊನೆಗೆ ಹಾಲು ಉಕ್ಕಿಸುತ್ತೇವೆ. ನೀವು ಬರಬೇಕು, ಭಾವನನ್ನೂ ಕರೆದುಕೊಂಡು ಬರಬೇಕು. ಬ್ಯಾಗಿನಿಂದ ಸೀರೆಗಳು ಹೊರಗೆ ಬಂದಿವೆ. ಅಮ್ಮ ಬರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ದೀಪಾವಳಿಗೆ ನಾನೇ ಅವರನ್ನು ನಿಮ್ಮಲ್ಲಿಗೆ ಕರೆತರುತ್ತೇನೆ, ನಾಲ್ಕು ದಿನ ಇಟ್ಟುಕೊಳ್ಳಿ, ಆಮೇಲೆ ನನಗೆ ವಾಪಸು ಕೊಡಿ.

ನಿಮ್ಮ ಅಮ್ಮನನ್ನು ನಿಮಗೂ ಬಿಟ್ಟುಕೊಡಲಾರದ,
ನಿಮ್ಮ
ಅಮಿತಾ

ವಿ.ಸೂ.: ಈ ಒಂದು ಮಾತನ್ನು ಬರೆಯಬಾರದೆಂದುಕೊಂಡಿದ್ದೆ. ಹಪ್ಪಳ ಕಟ್ಟುವಾಗ ಅತ್ತೆ ಪಕ್ಕದಲ್ಲಿ ಕೂತಿದ್ದರು, ಮನೆಯ ಕುಂದನ್ನೂ ಮುಚ್ಚಿಡದವರು ಅವತ್ತು ಬಚ್ಚ ಪೂಜಾರಿಯವರಿಗೆ 'ನಾನು ಒಡತಿಯಲ್ಲ' ಎಂದು ಯಾಕೆ ಹೇಳಲಿಲ್ಲ, ತಿಳಿಯಲಿಲ್ಲವಾ ಎಂದು ಕೇಳಿದೆ. ಹಪ್ಪಳ ಜೋಡಿಸುತ್ತಲೇ ಹೇಳಿದರು: "ಗೊತ್ತಾಯ್ತ್ ಹೆಣೆ. 'ನಾನಲ್ಲ' ಅಂಬುದ್ ನಾಲ್ಗಿ ತುದಿಯಗೆ ಇದ್ದಿತ್. ಅಷ್ಟೊತ್ತಿಗೆ ಬಾಗ್ಲ ಸಂದಿಯಗೆ ನಿನ್ನ್ ಮುಖ ಕಂಡ್ತ್. ಕೈ ಒಡ್ಡ್‌ದೆ. ವಿನಯನ್ ಮನಿಯಗೆ ನಾ ನೆಂಟ್ರ್, ಕೂಕಂಡಲ್ಲಿಗೆ ಚಾ ಬತ್ತ್. ನಿನ್ನ್ ಹತ್ರ ಆರೆ ಜಗಳ ಮಾಡ್ಲಕ್ಕ್." ನನ್ನ ಹತ್ತಿರವಾದರೆ ಜಗಳ ಮಾಡಬಹುದಂತೆ! ವಿನಯನಿಗೆ ಹೇಳಬೇಡ, ಬೇಸರ ಮಾಡಿಕೊಳ್ಳುತ್ತಾಳೆ ಎಂದರು. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಅದಕ್ಕೇ ಬರೆದೆ.